ಆಗಸದ ಕೊಡೆ, ಹೊಲದ ಬಿಸಿಲು

ಹುಣಸೂರು ಸೀಮೆಯ ವಯೋವೃದ್ಧ ರೈತರೊಬ್ಬರು ಕೆಲವು ಕಾಲದ ಹಿಂದೆ ನಮ್ಮನ್ನು ಒಂದು ಪ್ರಶ್ನೆ ಕೇಳಿದರು. "ಆಕಾಶಕ್ಕೆ ತೂತು ಬಿದ್ದಿದೆ ಎನ್ನುತ್ತಾರಲ್ಲ, ಅದು ನಮ್ಮ ನೆತ್ತಿಯ ಮೇಲೆಯೇ ಬಿದ್ದಿದೆಯೆ? ನಮ್ಮ ಓರಗೆಯವರಲ್ಲಿ ಬಹಳ ಮಂದಿಗೆ ಕಣ್ಣಿಗೆ ಪೊರೆ ಬಂದಿದೆ." ಪ್ರಶ್ನೆ ಮುಗ್ಧವಾದುದಾದರೂ ಅದರೊಳಗಿನ ಆತಂಕ ಸಣ್ಣದಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕೂ ತಾಲ್ಲೂಕುಗಳ ನಮ್ಮ ಬಹುಪಾಲು ಕುಟುಂಬಗಳು ಬಿಸಿಲಿನಲ್ಲಿಯೇ ದುಡಿದು ಬದುಕುವಂಥವು. ಆದಕಾರಣ ಈ ತಿಂಗಳ ಅಂಕಣದಲ್ಲಿ ಆ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕಲು ಯತ್ನಿಸಿದ್ದೇವೆ.

ಭೂಮಿಯಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಓಜೋನ್ ಎಂಬ ಅನಿಲವು ವಿರಳವಾಗಿ ಹರಡಿಕೊಂಡಿದೆ. ಆಮ್ಲಜನಕದ ಮೂರು ಪರಮಾಣುಗಳು ಕೂಡಿ ಆದದ್ದು ಇದು. ವಾತಾವರಣದಲ್ಲಿರುವ ಓಜೋನನ್ನೆಲ್ಲ ನೆಲಮಟ್ಟಕ್ಕೆ ತಂದು ಹಾಸಿದರೆ ಅದರ ದಪ್ಪ ಮೂರು ಮಿಲಿಮೀಟರ್ ಮಾತ್ರ! ಇಷ್ಟು ತೆಳುವಾದ ಕೊಡೆಯೇ ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಅತ್ಯಂತ ಘಾತಕವಾದುವನ್ನು ಪೂರ್ತಿಯಾಗಿಯೂ, 'ಬಿ' ವರ್ಗದವನ್ನು ಬಹುಮಟ್ಟಿಗೂ ತಡೆದು ಜೀವಕೋಟಿಯನ್ನು ಕಾಯುತ್ತಿದೆ. ತಡೆಯನ್ನು ಮೀರಿ ಬಂದ ಪಾಲು ಚರ್ಮವನ್ನು ಸುಡುತ್ತದೆ, ಕಣ್ಣಿನ ಮಸೂರವನ್ನು ಮಸುಕಾಗಿಸುತ್ತದೆ.

ಈ ಕೊಡೆಗೆ ಕುತ್ತು ತಂದವನು ಮನುಷ್ಯನೇ. ತಂಗಳುಪೆಟ್ಟಿಗೆ, ಹವಾನಿಯಂತ್ರಕ, ಸಿಂಪಡಿಕೆಯ ಡಬ್ಬಿ ಮೊದಲಾದವುಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಮೇಲೇರಿ, ಅಲ್ಲಿ ಒಡೆದು, ಕ್ಲೋರಿನ್ನನ್ನು ಬಿಡುಗಡೆ ಮಾಡಿ ಓಜೋನನ್ನು ನಾಶಮಾಡಬಲ್ಲವೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ದಕ್ಷಿಣ ಧ್ರುವದ ಅಂಟಾರ್ಕ್ಟಿಕದ ಮೇಲೆ ವಸಂತಮಾಸಗಳಲ್ಲಿ ಓಜೋನ್ ವಿಪರೀತವಾಗಿ ಕುಸಿಯುತ್ತಿರುವುದನ್ನು ಪ್ರಕಟಿಸಿದರು. ಲೋಕವೆಲ್ಲ 'ತೂತು' ಎಂದದ್ದು ಇದನ್ನೇ.

ಹಾಗಾದರೆ ಹಿರಿಯರ ಪ್ರಶ್ನೆಗೆ ಉತ್ತರವೇನು? ತೂತು ನಮ್ಮ ನೆತ್ತಿಯ ಮೇಲಿಲ್ಲ. ಅತಿಶೀತದಲ್ಲಿ ಮಾತ್ರ ಹುಟ್ಟುವ ವಿಶಿಷ್ಟ ಮೋಡಗಳು ಅದಕ್ಕೆ ಬೇಕು. ಉಷ್ಣವಲಯದ ಮೇಲೆ ಒಟ್ಟು ಓಜೋನಿನ ಪ್ರಮಾಣದಲ್ಲಿ ಅಂತಹ ಕುಸಿತ ಕಂಡುಬಂದಿಲ್ಲ. ಆದರೆ ಇಷ್ಟಕ್ಕೇ ನಾವು ನಿಶ್ಚಿಂತರಾಗುವಂತಿಲ್ಲ. ಉಷ್ಣವಲಯದ ಓಜೋನ್ ಪದರವು ಪ್ರಕೃತಿಸಹಜವಾಗಿಯೇ ತೆಳು. ಜೊತೆಗೆ ನಮ್ಮ ಸೀಮೆಯಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ನಾಲ್ಕನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರದ ಸುಮಾರಿಗೆ, ಮಧ್ಯಾಹ್ನ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲದೆ ಇದು ಸಮುದ್ರಮಟ್ಟಕ್ಕಿಂತ ಸಾಕಷ್ಟು ಎತ್ತರದ ಪ್ರಸ್ಥಭೂಮಿ. ಎತ್ತರ ಹೆಚ್ಚಿದಂತೆ ಈ ಕಿರಣಗಳೂ ಹೆಚ್ಚುತ್ತವೆ. ಅತಿನೇರಳೆ ಸೂಚ್ಯಂಕ 11ನ್ನು ಮುಟ್ಟಿದರೆ ಅದು ಅತ್ಯಂತ ಅಪಾಯದ ಮಟ್ಟ. ದಕ್ಷಿಣ ಭಾರತದ ಬೇಸಿಗೆಯ ಮೋಡವಿಲ್ಲದ ಮಧ್ಯಾಹ್ನಗಳಲ್ಲಿ ಅದು ಅಪರೂಪವೇನಲ್ಲ.

ನಮ್ಮ ಬೇಸಾಯದ ಪಂಚಾಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಏಪ್ರಿಲ್ ಎಂದರೆ ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಲ್ಲಿ ಹೊಗೆಸೊಪ್ಪಿನ ಸಸಿಮಡಿಗೆ ನೀರೆರೆಯುವ, ಹೊಲ ಹದಮಾಡುವ ಕಾಲ. ಆಗಸ್ಟ್ ಎಂದರೆ ಸೊಪ್ಪು ಮುರಿಯುವ ಕಾಲ, ಕೃಷ್ಣರಾಜನಗರದ ಗದ್ದೆಗಳಲ್ಲಿ ಹೆಣ್ಣುಮಕ್ಕಳು ಬಾಗಿ ನಾಟಿ ಹಾಕುವ ಕಾಲ. ಮೋಡ ಕವಿದಿದೆ, ತಂಪಾಗಿದೆ ಎಂದುಕೊಳ್ಳುತ್ತೇವೆ. ತೆಳು ಮೋಡವು ಶಾಖವನ್ನು ತಗ್ಗಿಸಿದಷ್ಟು ಈ ಕಿರಣಗಳನ್ನು ತಗ್ಗಿಸುವುದಿಲ್ಲ. ನಮ್ಮ ಕಪ್ಪು ಮೈಬಣ್ಣವು ಚರ್ಮದ ಕ್ಯಾನ್ಸರಿನಿಂದ ಬಹುಮಟ್ಟಿಗೆ ನಮ್ಮನ್ನು ಕಾಯುತ್ತದೆಂಬುದು ನಿಜ. ಆದರೆ ಮೈಯ ಬಣ್ಣ ಕಣ್ಣಿನ ಮಸೂರಕ್ಕೆ ಕಾವಲಾಗದು. ಪೊರೆಗೆ ವಯಸ್ಸು, ಮಧುಮೇಹ ಮೊದಲಾದ ಅನೇಕ ಕಾರಣಗಳುಂಟು. ದೀರ್ಘಕಾಲದ ಬಿಸಿಲೂ, ಧೂಮಪಾನವೂ ಅವುಗಳಲ್ಲಿ ಸೇರಿವೆ. ಹೊಗೆಸೊಪ್ಪು ಬೆಳೆಯುವ ಸೀಮೆಯ ನಾವು ಈ ಕೊನೆಯ ಎರಡನ್ನು ಮರೆಯಬಾರದು.

ಲೋಕವು ಈ ಸಂಕಟವನ್ನು ಎದುರಿಸಿದ ಬಗೆ ಮಾತ್ರ ಮೆಚ್ಚತಕ್ಕದ್ದು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಬಡರಾಷ್ಟ್ರಗಳಿಗೆ ನೆರವಿನ ನಿಧಿ ಬೇಕೆಂಬ ವಾದಕ್ಕೆ 1990ರ ಲಂಡನ್ ಸಭೆಯಲ್ಲಿ ಮನ್ನಣೆ ದೊರೆತ ಬಳಿಕ, 1992ರ ಜೂನ್‌ನಲ್ಲಿ ಭಾರತವೂ ಸೇರಿತು. 2010ರ ಹೊತ್ತಿಗೆ, ಕೆಲವು ವೈದ್ಯಕೀಯ ಬಳಕೆಗಳನ್ನು ಬಿಟ್ಟು, ನಮ್ಮ ದೇಶದಲ್ಲಿ ಆ ಅನಿಲಗಳು ನಿಂತವು. ಇದೇ ಅನಿಲಗಳು ಭೂಮಿಯನ್ನು ಕಾಯಿಸುವುದರಲ್ಲಿಯೂ ಬಲಶಾಲಿಗಳೆಂದು 1975ರಲ್ಲಿ ತೋರಿಸಿದ ವೀರಭದ್ರನ್ ರಾಮನಾಥನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅದಕ್ಕೂ ಮೊದಲು ಸಿಕಂದರಾಬಾದಿನ ಶೀತಕಯಂತ್ರ ಉದ್ಯಮದಲ್ಲಿ ದುಡಿದವರು ಎಂಬುದು ನಮಗೆ ಹೆಮ್ಮೆಯ ಸಂಗತಿ.

ಒಪ್ಪಂದ ಫಲಿಸಿತೆ ಎಂಬುದನ್ನು ನಾಲ್ಕು ವರ್ಷಗಳಿಗೊಮ್ಮೆ ನಾನಾ ದೇಶಗಳ ವಿಜ್ಞಾನಿಗಳು ಕೂಡಿ ತೂಗಿ ನೋಡುತ್ತಾರೆ. 2022ರ ಅವರ ಮೌಲ್ಯಮಾಪನದಂತೆ, ಈಗಿನ ನಿಯಮಗಳು ಪಾಲನೆಯಾಗುತ್ತಿದ್ದರೆ ಓಜೋನ್ ಪದರವು ಅಂಟಾರ್ಕ್ಟಿಕದ ಮೇಲೆ 2066ರ ಸುಮಾರಿಗೆ, ಉತ್ತರ ಧ್ರುವದ ಮೇಲೆ 2045ರ ಸುಮಾರಿಗೆ, ಉಳಿದೆಡೆ 2040ರ ಸುಮಾರಿಗೆ 1980ರ ಮಟ್ಟಕ್ಕೆ ಮರಳುವ ನಿರೀಕ್ಷೆಯಿದೆ. ಆದರೆ ಕಾವಲು ಸಡಿಲಿಸುವಂತಿಲ್ಲ. ನಿಷೇಧಿತ ಅನಿಲವೊಂದು ಮತ್ತೆ ಸೋರುತ್ತಿದೆಯೆಂದು 2018ರಲ್ಲಿ ಪತ್ತೆಯಾಯಿತು. ಅದರ ದೊಡ್ಡ ಪಾಲು ಪೂರ್ವ ಚೀನದ್ದೆಂದು ತಿಳಿದ ಮೇಲೆ ಸೋರಿಕೆ ತಗ್ಗಿತು. ಅಳೆಯುವವರು ಇದ್ದುದರಿಂದ ಕಳ್ಳತನ ಬಯಲಾಯಿತು.

ಹೊಗೆಸೊಪ್ಪಿಗೂ ಈ ಕಥೆಗೂ ಒಂದು ನಂಟಿದೆ. ಅಮೆರಿಕ, ಬ್ರೆಜಿಲ್, ಜಿಂಬಾಬ್ವೆ ಮೊದಲಾದ ದೇಶಗಳಲ್ಲಿ ಸಸಿಮಡಿಯ ಮಣ್ಣನ್ನು ಶುದ್ಧಿಗೊಳಿಸಲು ಮೀಥೈಲ್ ಬ್ರೋಮೈಡ್ ಬಳಸುತ್ತಿದ್ದರು. ಅದೂ ಓಜೋನಿನ ಶತ್ರುವೆಂದು ತಿಳಿದಾಗ ಮಡಿಯನ್ನು ಬಿಟ್ಟು ತಟ್ಟೆಗಳಲ್ಲಿ ಸಸಿ ಬೆಳೆಸುವ ಪದ್ಧತಿ ಅಲ್ಲಿ ಹರಡಿತು. ನಮ್ಮ ಸೀಮೆಯಲ್ಲಿಯೂ ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಸಸಿ ಎಬ್ಬಿಸುವ ರೂಢಿ ಬಂದಿದೆ. ದಾರಿ ಬದಲಿಸಿದರೆ ಬೆಳೆ ನಿಲ್ಲುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಇನ್ನು ನಮ್ಮ ಮನೆಗಳ ಕರ್ತವ್ಯ. ಹಳೆಯ ತಂಗಳುಪೆಟ್ಟಿಗೆಯನ್ನು ಗುಜರಿಗೆ ಹಾಕುವಾಗ ಕೊಳವೆಯನ್ನು ಕತ್ತರಿಸಿ ಅನಿಲವನ್ನು ಗಾಳಿಗೆ ಬಿಡಬಾರದು. ರಿಪೇರಿಯವರಿಗೂ ಅದನ್ನು ಹಿಡಿದಿಡುವಂತೆ ಹೇಳಬೇಕು. ಹತ್ತರಿಂದ ಮೂರರವರೆಗಿನ ಬಿಸಿಲಿನಲ್ಲಿ ದುಡಿಯಲೇಬೇಕಾದವರು ಅಗಲ ಅಂಚಿನ ಟೊಪ್ಪಿಗೆಯನ್ನೋ, ಮುಖಕ್ಕೆ ನೆರಳಾಗುವಂತೆ ರುಮಾಲು ಸೆರಗುಗಳನ್ನೋ ಧರಿಸಬೇಕು. ಸಾಧ್ಯವಾದರೆ ಅತಿನೇರಳೆ ಕಿರಣ ತಡೆಯುವ ಕನ್ನಡಕ ಹಾಕಿಕೊಳ್ಳಬೇಕು. ಬರಿಯ ಬಣ್ಣದ ಗಾಜಿನಿಂದ ಪ್ರಯೋಜನವಿಲ್ಲ. ದೃಷ್ಟಿ ಮಂಜಾದ ಹಿರಿಯರನ್ನು 'ವಯಸ್ಸಾಯಿತು' ಎಂದು ಸುಮ್ಮನೆ ಕೂರಿಸದೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪೊರೆ ಶಸ್ತ್ರಚಿಕಿತ್ಸೆಯಿಂದ ಬಿಡಿಸಬಹುದಾದ ಕುರುಡು.

ಪ್ರಶ್ನೆ ಕೇಳಿದ ಹಿರಿಯರಿಗೆ ನಾವು ಇಷ್ಟನ್ನೂ ಬಿಡಿಸಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೇಲಿನ ಕೊಡೆಯನ್ನು ಲೋಕ ಹೊಲಿಯುತ್ತಿದೆ, ಕೆಳಗಿನ ಕೊಡೆಯನ್ನು ನಾವೇ ಹಿಡಿಯಬೇಕು" ಎಂದರು. ಇದಕ್ಕಿಂತ ಹೆಚ್ಚಿನದನ್ನು ನಾವು ಬರೆಯಬೇಕಾಗಿಲ್ಲ. ಮುಂದಿನ ನಾಟಿಯ ದಿನ ಗದ್ದೆಗೆ ಹೊರಡುವ ಪ್ರತಿಯೊಬ್ಬ ತಾಯಿಯ ತಲೆಯ ಮೇಲೂ ಒಂದು ನೆರಳಿರಲಿ ಎಂಬುದೇ ನಮ್ಮ ಹಾರೈಕೆ.