ಹೆರಾಣ ಕೂಸಿಂಗೆ ಬೆಲ್ಲ ನೀರು, ಮನೆ ಕೂಸಿಂಗೆ ಬೀಗವೋ?

ಕಳುದ ತಿಂಗಳು ಒಂದು ಉಪ್ನಾನಕ್ಕೆ ಹೋಗಿತ್ತಿದ್ದೆ. ಹಂತಿಲಿ ಕೂದು ಪಾಯಸ ಬಪ್ಪದರ ಕಾದೊಂಡಿಪ್ಪಗ ಎನ್ನ ಕರೇಲಿ ಕೂದ ಅಕ್ಕ ಕೇಳಿದವು, “ನಿನ್ನ ಮಗಳು ಸೈಕಲಿಲಿ ಕನ್ಯಾಕುಮಾರಿಗೆ ಹೋವುತ್ತಡ, ಅಪ್ಪೋ?” ಅಪ್ಪು ಹೇಳಿದೆ. “ಆ ದಿನ ದಾರಿಲಿ ಹೋಪವರ ಮನೆ ಒಳ ಮಾಡಿದೆನ್ನೆ, ಅದರ ಫಲ ಇದು” ಹೇಳಿದವು. ಎದುರಾಣ ಹಂತಿಲಿ ನಾಲ್ಕು ಜೆನ ನೆಗೆ ಮಾಡಿದವು. ಆನುದೇ ನೆಗೆ ಮಾಡಿದೆ. ಮನಗೆ ಬಂದ ಮೇಲೆ, ಎಂತಕೆ ನೆಗೆ ಮಾಡಿದೆ ಹೇಳಿ ಎನ್ನ ಮೇಲೆಯೇ ಪಿಸುರು ಬಂತು. ಹಂತಿಲಿ ಹೇಳ್ಲೆ ಎಡಿಯದ್ದರ ಇಲ್ಲಿ ಬರೆತ್ತೆ. ಆ ಅಕ್ಕನುದೇ ಇದರ ಓದುಗು. ಓದಲಿ.

ಶುದ್ದಿ ಗೊಂತಿಲ್ಲದ್ದವಕ್ಕೆ ಸುರುವಿಂದ ಹೇಳ್ತೆ. ಎಂಗಳ ಮನೆ ಕೊಯನಾಡಿಲಿ, ಮಾರ್ಗದ ಕರೇಲೇ. ಸಂಪಾಜೆ ದಾಂಟಿ ಘಾಟಿ ಹತ್ತುವ ಮದಲು ಸಿಕ್ಕುವ ಊರು. ಎರಡು ವರ್ಷ ಹಿಂದೆ ದಶಂಬರಲ್ಲಿ, ಹೊತ್ತೋಪಗ ಆರು ಗಂಟೆಗೆ ಇಬ್ರು ಕೂಸುಗೊ ಸೈಕಲ್ ನೂಕಿಂಡು ಬಂದು ಗೇಟಿನ ಹತ್ತರೆ ನಿಂದವು. ಉದಿಯಪ್ಪಗ ಮಂಗ್ಳೂರಿಂದ ಹೆರಟದಡ, 100 ಕಿಲೋಮೀಟರಿಂದ ಹೆಚ್ಚು ತುಳುದಿತ್ತಿದ್ದವು. ಒಂದು ಸೈಕಲಿನ ಹಿಂದಾಣ ಚಕ್ರ ಪಂಚರ್. ಮಡಿಕೇರಿಗೆ ಎತ್ತೆಕ್ಕಾರೆ ಇನ್ನೂ 20 ಕಿಲೋಮೀಟರಿಂದ ಹೆಚ್ಚು ಏರು ಇದ್ದು, ಅದೂ ಕಸ್ತಲೆಲಿ, ಆನೆ ಅಡ್ಡ ಬಪ್ಪ ಮಾರ್ಗಲ್ಲಿ. ಅವು ಕೇಳಿದ್ದು ಎಂತರ? ಒಂದು ಬಾಲ್ದಿ ನೀರು. ಟ್ಯೂಬಿನ ಅದ್ದಿ ಓಟೆ ಎಲ್ಲಿದ್ದು ಹೇಳಿ ನೋಡ್ಲೆ.

ಓಟೆ ಸಿಕ್ಕಿ ತೇಪೆ ಹಾಕುವಗ ಪೂರ ಕಸ್ತಲೆ ಆತು. ಬೆಲ್ಲ ನೀರು ಕೊಟ್ಟೆ, ಇಂದು ಇಲ್ಲೇ ನಿಲ್ಲಿ ಹೇಳಿದೆ. ಒಂದು ಕೂಸು ಧಾರವಾಡದ್ದು, ಇನ್ನೊಂದು ಕೋಝಿಕ್ಕೋಡಿಂದು. “ಅಕ್ಕಾರ, ನಿಮಗ ತ್ರಾಸ ಆಗ್ತದೇನ್ರಿ?” ಹೇಳಿ ಧಾರವಾಡದ ಕೂಸು ಕೇಳಿತ್ತು. ಎಂಗಳ ಭಾಶೆ ಅದಕ್ಕೆ ಅರ್ಥ ಆಗ, ಅದರ ಮಾತು ಎನ್ನ ಅತ್ತಗೆ ಅರ್ಥ ಆಗ. ಆದರೂ ಇಬ್ರೂ ಕನ್ನಡವೇ ಮಾತಾಡಿದ್ದು.

ಇಲ್ಲಿ ಎನ್ನ ತಪ್ಪೊಂದರ ಹೇಳೆಕ್ಕು. ಅತ್ತೆ ಎನ್ನತ್ರೆ ಮೆಲ್ಲಂಗೆ ಕೇಳಿದವು, “ಯೇವ ಜೆನವೋ?” ಎನಗೆ ಗೊಂತಿಲ್ಲೆ ಹೇಳಿದೆ. ಕೂಸುಗೊಕ್ಕೆ ಜೆಗಿಲಿಲಿ ಬಳುಸಿದೆ. ಉಂಡಿಕ್ಕಿ ಆ ಧಾರವಾಡದ ಕೂಸು ಬಟ್ಲು ತೆಕ್ಕೊಂಡು ಜಾಲಿಂಗೆ ಹೋತು, ನಳ್ಳಿಲಿ ತೊಳದತ್ತು, ಒಗವ ಕಲ್ಲಿನ ಮೇಲೆ ಕವುಂಚಿ ಮಡಗಿತ್ತು. ಆರೂ ಹೇಳಿತ್ತಿದ್ದವಿಲ್ಲೆ. ಅದಕ್ಕೆ ಮಾತು ಅರ್ಥ ಆಯಿದಿಲ್ಲೆ, ಮೋರೆ ಅರ್ಥ ಆತು. “ಬೇಡ ಮಗಾ, ಅಲ್ಲೇ ಮಡುಗು” ಹೇಳಿ ಆನು ಹೇಳೆಕ್ಕಾತು. ಹೇಳಿದ್ದಿಲ್ಲೆ. ಕವುಂಚಿ ಮಡಗಿದ ಆ ಬಟ್ಲು ಎನಗೆ ಈಗಳೂ ಕಣ್ಣೆದುರು ಕಾಣ್ತು.

ಮರದಿನ ಉದಿಯಪ್ಪಗ ಚಳಿ. ಇಬ್ರೂ ಕೈ ತಿಕ್ಕಿಂಡು ಜೆಗಿಲಿಲಿ ಕೂದಿತ್ತಿದ್ದವು. ಅತ್ತೆಯೇ ಹೆರ ಬಂದು, “ಒಲೆ ಬುಡಕ್ಕೆ ಬನ್ನಿ” ಹೇಳಿ ದೆನಿಗೇಳಿದವು. ಅಡಿಗೆ ಒಳವೇ ಕೂದು ದೋಸೆ ತಿಂದಿಕ್ಕಿ ಹೋದವು.

ಈಗ ಅಕ್ಕನ ಮಾತಿಂಗೆ ಬತ್ತೆ. ಅವು ಒಂದೇ ವಾಕ್ಯ ಹೇಳಿದ್ದಾದರೂ ಅದರಲ್ಲಿ ಮೂರು ದೂರು ಇದ್ದು.

ಸುರುವಾಣದ್ದು, ಗುರ್ತ ಇಲ್ಲದ್ದವರ ಒಳ ಮಾಡ್ಲಾಗ ಹೇಳುದು. ಅಂಬಗ ಒಂದರಿ ನೆಂಪು ಮಾಡಿಗೊಳ್ಳಿ. 2018ರ ಆಗಸ್ಟಿಲಿ ಜೋಡುಪಾಲ, ಮೊಣ್ಣಂಗೇರಿಲಿ ಗುಡ್ಡೆ ಜೆರುದು ಮಾರ್ಗವೇ ಇಲ್ಲದ್ದೆ ಆದಪ್ಪಗ ಈ ಕರೆಯ ಜೆನ ಎಲ್ಲಿ ಒರಗಿದ್ದು? ಸಂಪಾಜೆ, ಕಲ್ಲುಗುಂಡಿಯ ಗಂಜಿ ಕೇಂದ್ರಲ್ಲಿ, ಆರೋ ತಂದ ಚಾಪೆಲಿ, ಆರೋ ಕೊಟ್ಟ ಹೊದಕ್ಕೆ ಹೊದಕ್ಕೊಂಡು. ಲಾರಿಲಿ ಬಂದ ಅಕ್ಕಿ ಆರ ಗೆದ್ದೆದು ಹೇಳಿ ಆರಾರು ಕೇಳಿದವೋ? ಗಂಜಿ ಬೇಶಿದವು ಯೇವ ಜೆನ ಹೇಳಿ ಕೇಳಿದವೋ? ನವಗೆ ಬೇಕಾದಪ್ಪಗ ಗುರ್ತ ಬೇಡ, ಇನ್ನೊಬ್ಬಂಗೆ ಬೇಕಾದಪ್ಪಗ ಗುರ್ತ ಬೇಕು ಹೇಳುದು ಯೇವ ನ್ಯಾಯ?

ಹಾಂಗಾರೆ ಆರು ಬಂದರೂ ಬಾಗಿಲು ತೆಗೆಯೆಕ್ಕೋ? ಆನು ಹಾಂಗೆ ಹೇಳ್ತಿಲ್ಲೆ. ಆ ದಿನ ಇಬ್ರ ಆಧಾರ್ ಕಾರ್ಡಿನ ಫೊಟೊ ತೆಗದು ಮಗಳಿಂಗೆ ಕಳುಸಿದೆ. ಧಾರವಾಡದ ಕೂಸಿನ ಅಬ್ಬೆ ಹತ್ತರೆ ಫೋನಿಲಿ ಮಾತಾಡಿದೆ. ಜಾಗ್ರತೆ ಮಾಡ್ಲಕ್ಕು, ಮಾಡೆಕ್ಕು. ಆದರೆ ಜಾಗ್ರತೆ ಹೇಳಿ ಜಾತಿ ಕೇಳ್ಲಾಗ. ಕಳ್ಳನೋ ಅಲ್ಲದೋ ಹೇಳಿ ಅದರಿಂದ ಗೊಂತಾವುತ್ತಿಲ್ಲೆ.

ಎರಡ್ನೆದು, ಒಂದು ಇರುಳಿನ ಗುರ್ತ ಒಂದು ಗುರ್ತವೋ ಹೇಳುದು. ಎಂಗಳ ಮಾರ್ಗಲ್ಲಿ ಶನಿವಾರ, ಆಯಿತ್ಯವಾರ ಎಷ್ಟು ಕಾರು ಹೋವುತ್ತು ಹೇಳಿ ನಿಂಗೊಗೆ ಗೊಂತಿದ್ದು. ಗ್ಲಾಸು ಏರ್ಸಿಂಡು ಬತ್ತವು, ತೋಡಿನ ಹತ್ತರೆ ಪ್ಲೇಟು, ಬಾಟ್ಲಿ ಇಡ್ಕಿಕ್ಕಿ ಹೋವುತ್ತವು. ಒಬ್ಬನ ಮೋರೆಯಾದರೂ ನೆಂಪಿದ್ದೋ? ಸೈಕಲಿಲಿ ಬಪ್ಪವರ ಕತೆ ಬೇರೆ. ಏರಿಲಿ ನೆಡದು ಹೋಪವಕ್ಕೂ ಅವಕ್ಕೂ ಹೆಚ್ಚು ವ್ಯತ್ಯಾಸ ಇಲ್ಲೆ. ನೀರು ಬೇಕು, ನೆರಳು ಬೇಕು, ಗಾಳಿ ಹಾಕುವ ಪಂಪು ಬೇಕು. ಎಲ್ಲವನ್ನೂ ಹೊತ್ತೊಂಡು ಹೋಪಲೆಡಿಯ, ಹಾಂಗಾಗಿ ಕೇಳೆಕ್ಕಾವುತ್ತು. ಕೇಳುವಗ ಒಂದು ಮಾತು, ಕೊಡುವಗ ಒಂದು ಮಾತು. ಗುರ್ತ ಅಪ್ಪದು ಹಾಂಗೆ. ಅದರ ಕೊಡುದು ಹೆಚ್ಚಾಗಿ ಮನೆಲಿಪ್ಪ ಹೆಮ್ಮಕ್ಕೊ, ಎಂತಕೆ ಹೇಳಿರೆ ಆ ಹೊತ್ತಿಂಗೆ ಮನೆಲಿಪ್ಪದು ನಾವೇ.

ಮತ್ತೆ ಎಂತಾತು? ಸಂಕ್ರಾಂತಿ ಕಳುದಪ್ಪಗ ಧಾರವಾಡಂದ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಪಾರ್ಸೆಲ್ ಬಂತು. ಆನು ಹಲಸಿನ ಹಪ್ಪಳ, ಜೇನು ಕಳುಸಿದೆ. ಕಳುದ ವರ್ಷ ಅತ್ತೆಯ ಬೆಂಗ್ಳೂರಿನ ಆಸ್ಪತ್ರೆಗೆ ಸೇರ್ಸಿಪ್ಪಗ ಹತ್ತರಾಣ ನೆಂಟ್ರು ಫೋನು ಮಾಡಿದವು, ಟ್ರಾಫಿಕ್ಕಿಲಿ ಬಪ್ಪಲೆಡಿಯ ಹೇಳಿದವು. ಅದು ನಿಜವೇ ಆದಿಕ್ಕು, ಆನು ಕೋಪ ಮಾಡ್ತಿಲ್ಲೆ. ಆದರೆ ಅಲ್ಲೇ ಕೆಲಸಲ್ಲಿಪ್ಪ ಆ ಧಾರವಾಡದ ಕೂಸು ಅದೇ ಟ್ರಾಫಿಕ್ಕಿಲಿ ಸೈಕಲ್ ತುಳುದು ಬಂದು, ಮೂರು ಇರುಳು ಅತ್ತೆಯ ಮಂಚದ ಹತ್ತರೆ ಕೂದತ್ತು, ಎನಗೆ ಒರಗುಲೆ ಬಿಟ್ಟತ್ತು. ಇದರ ಗುರ್ತ ಹೇಳದ್ದರೆ ಮತ್ತೆ ಯೇವದರ ಹೇಳುದು? ಅತ್ತೆ ಪೂರ ಬದಲಾದವು ಹೇಳಿ ಲೊಟ್ಟೆ ಹೇಳ್ತಿಲ್ಲೆ. ಹೆರಾಣವಕ್ಕೆ ಇಂದಿಂಗೂ ಬೇರೆ ಲೋಟೆಯೇ. ಆದರೆ ಆ ಕೂಸು ಬಂದರೆ ಅಡಿಗೆ ಒಳಾಣ ಲೋಟೆ.

ಇದು ಈಗಾಣ ಮಕ್ಕಳ ಹೊಸ ಹುಚ್ಚು ಹೇಳುವವಕ್ಕೆ ಒಂದು ಹಳೇ ಕತೆ ಹೇಳ್ತೆ. ಐರ್ಲೆಂಡಿಲಿ ಡರ್ವ್ಲಾ ಮರ್ಫಿ ಹೇಳಿ ಇತ್ತಿದ್ದವು, 1931ರಲ್ಲಿ ಹುಟ್ಟಿದ್ದು. ಹತ್ತನೆ ಹುಟ್ಟುಹಬ್ಬಕ್ಕೆ ಒಂದು ಹಳೇ ಸೈಕಲ್ಲೂ ಒಂದು ಅಟ್ಲಾಸೂ ಸಿಕ್ಕಿತ್ತು, ಇಂಡಿಯಾಕ್ಕೆ ಸೈಕಲಿಲಿ ಹೋವುತ್ತೆ ಹೇಳಿ ಅಂದೇ ನಿಗಂಟು ಮಾಡಿದವು. ಆದರೆ ಹದಿನಾಲ್ಕನೆ ವರ್ಷಲ್ಲಿ ಶಾಲೆ ಬಿಟ್ಟವು, ಸಂಧಿವಾತಲ್ಲಿ ಮನುಗಿದ ಅಬ್ಬೆಯ ನೋಡಿಗೊಂಬಲೆ. ಅಬ್ಬೆ 1962ರಲ್ಲಿ ತೀರಿ ಹೋದವು. 1963ರ ಜನವರಿಲಿ ಇವು ಒಬ್ಬನೇ ಸೈಕಲ್ ಹತ್ತಿ ಹೆರಟು, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ಆಗಿ ದೆಹಲಿಗೆ ಎತ್ತಿದವು. ಹತ್ತು ವರ್ಷ ಕಳುದು, ಐದು ವರ್ಷದ ಮಗಳ ಕೈ ಹಿಡ್ಕೊಂಡು ಬಂದದು ನಮ್ಮ ಕೊಡಗಿಂಗೆ. ಆ ಸರ್ತಿ ಸೈಕಲ್ ಇತ್ತಿಲ್ಲೆ. ವಿರಾಜಪೇಟೆ ಹತ್ತರಾಣ ದೇವಣಗೇರಿಲಿ ಸುಮಾರು ಎರಡು ತಿಂಗಳು ಕೂದವು, 1976ರಲ್ಲಿ ಕೊಡಗಿನ ಹೆಸರಿನ ಹಾಕಿಯೇ ಪುಸ್ತಕ ತಂದವು. ಊರಿನವು ಜಾಗೆ ಕೊಡದ್ದರೆ ಆ ಪುಸ್ತಕ ಇರ್ತಿತಿಲ್ಲೆ. ಅವು ತೀರಿ ಹೋದ್ದು 2022ರಲ್ಲಿ, 90 ವರ್ಷ ಆದ ಮೇಲೆ. ಅಬ್ಬೆಯ ಚಾಕರಿ ಮಾಡಿದ್ದೂ ಅದೇ ಹೆಮ್ಮಕ್ಕೊ, ಸೈಕಲ್ ತುಳುದ್ದೂ ಅದೇ ಹೆಮ್ಮಕ್ಕೊ. ಒಂದು ಮಾಡಿದವು ಇನ್ನೊಂದರ ಮಾಡ್ಲಾಗ ಹೇಳಿ ಎಲ್ಲಿಯೂ ಇಲ್ಲೆ.

ಪರದೇಶದ್ದು ಬೇಡ ಹೇಳ್ತಿರೋ? ನಮ್ಮದೇ ಕೊಡಗಿನ ಗೌರಮ್ಮ ಇದ್ದವನ್ನೆ. 1934ರಲ್ಲಿ ಗಾಂಧೀಜಿ ಹರಿಜನ ಯಾತ್ರೆಲಿ ಕೊಡಗಿಂಗೆ ಬಂದಪ್ಪಗ, ಮನಗೆ ಬರೆಕ್ಕು ಹೇಳಿ ಉಪವಾಸ ಕೂದು ಬರ್ಸಿದವು, ಚಿನ್ನ ಬಿಚ್ಚಿ ನಿಧಿಗೆ ಕೊಟ್ಟವು. ಕತೆ ಬರದವು, ಟೆನಿಸ್ ಆಡಿದವು, ಈಜಿದವು. ಅವರ ಹೆಸರಿಲಿ ಸಭೆಲಿ ಕೈ ತಟ್ಟುತ್ತು ನಾವು. ಮನಗೆ ಬಂದು ಬೇರೆ ಲೋಟೆ ಮಡಗುತ್ತು, ಮಗಳ ಸೈಕಲಿಂಗೆ ಬೀಗ ಹಾಕುತ್ತು.

ಮೂರ್ನೆದು ಎನ್ನ ಮಗಳ ವಿಷಯ. ಅದರ ಸುರುವಾಣ ಸೈಕಲ್ ಸರ್ಕಾರದ್ದು, ಎಂಟನೆ ಕ್ಲಾಸಿಲಿ ಶಾಲೆಲಿ ಕೊಟ್ಟದು. ಆ ಸೈಕಲ್ ಈಗಳೂ ಅಡಕ್ಕೆ ಗೋಣಿಯ ಕರೇಲಿ ಇದ್ದು. ಶಾಲಗೆ ಹೋಪಲೆ ತುಳುದರೆ ಚೆಂದ, ಕನ್ಯಾಕುಮಾರಿಗೆ ತುಳುದರೆ ಮರ್ಯಾದೆ ಹೋವುತ್ತೋ? ಅಕ್ಕಾ, ನಿಂಗಳ ಮಾಣಿ ಬೈಕಿಲಿ ಲಡಾಖಿಂಗೆ ಹೆರಟಪ್ಪಗ ಆರತಿ ಎತ್ತಿದಿ, ಫೊಟೊ ಸ್ಟೇಟಸಿಂಗೆ ಹಾಕಿದಿ. ಆನುದೇ ಲೈಕ್ ಮಾಡಿದೆ. ಅಲ್ಲಿ ಕಣಿ ಇತ್ತಿಲ್ಲೆಯೋ, ಲಾರಿ ಇತ್ತಿಲ್ಲೆಯೋ?

ಎನಗೆ ಹೆದರಿಕೆ ಇಲ್ಲೆ ಹೇಳಿ ತಿಳಿಯೆಡಿ. ಲಾರಿಯ ಹೆದರಿಕೆ ಇದ್ದು, ತಿರ್ಗಾಸಿನ ಹೆದರಿಕೆ ಇದ್ದು, ಗೆಂಡುಮಕ್ಕಳ ಕಣ್ಣಿನ ಹೆದರಿಕೆ ಎಲ್ಲದರಿಂದ ಹೆಚ್ಚು ಇದ್ದು. ಇರುಳು ಒರಕ್ಕು ಬತ್ತಿಲ್ಲೆ. ಹಾಂಗಾಗಿಯೇ ಕೂದು ಲೆಕ್ಕ ಹಾಕಿದ್ದು: ಮೂರು ಜೆನ ಒಟ್ಟಿಂಗೆ, ದಿನಕ್ಕೆ 80 ಕಿಲೋಮೀಟರಿಂದ ಹೆಚ್ಚಿಲ್ಲೆ, ಕಸ್ತಲೆ ಅಪ್ಪ ಮದಲೇ ನಿಲ್ಲೆಕ್ಕು, ನಿಂದಲ್ಲಿಂದ ಫೋನು ಮಾಡೆಕ್ಕು. ಒಂದು ಇರುಳಿಂಗೆ ಕೋಝಿಕ್ಕೋಡಿನ ಕೂಸಿನ ಚಿಕ್ಕಮ್ಮನ ಮನೆ, ನಾಗರಕೋವಿಲಿಲಿ. ನೋಡಿ, ಆ ಒಂದು ಬಾಲ್ದಿ ನೀರು ಎನ್ನ ಮಗಳಿಂಗೆ ಅಲ್ಲಿ ಒಂದು ಮನೆ ಆತು.

ದಶಂಬರಲ್ಲಿ ಹೆರಡುತ್ತು. ಮಡಿಕೇರಿ, ಕುಶಾಲನಗರ, ಹುಣಸೂರು, ಮೈಸೂರು, ಚಾಮರಾಜನಗರದ ಕರೇಲಿಪ್ಪ ಅಕ್ಕಂದ್ರು, ಅತ್ತಿಗೆಯಕ್ಕೊ ಇದರ ಓದಿರೆ ಎನಗೊಂದು ಫೋನು ಮಾಡಿ. ಒರಗುಲೆ ಜಾಗೆ, ಮೀವಲೆ ರಜ್ಜ ಬೆಶಿನೀರು ಇದ್ದರೆ ಅಕ್ಕು. ಉಪದೇಶ ಇದ್ದರೆ ಎನಗೇ ಹೇಳಿ, ದಾರಿಲಿ ಬಚ್ಚಿ ಬಂದ ಮಕ್ಕೊಗೆ ಬೇಡ.

ಎಂಗಳ ಕಡೆ ಅಲ್ಲದ್ದರೂ, ಸೈಕಲ್ ನೂಕಿಂಡು ಒಂದು ಕೂಸು ನಿಂಗಳ ಗೇಟಿನ ಹತ್ತರೆ ನಿಂದರೆ ಒಂದು ಬಾಲ್ದಿ ನೀರು ಕೊಡಿ. ಅದು ಎನ್ನ ಮಗಳಾದಿಕ್ಕು, ಅಲ್ಲದ್ದೆಯೂ ಇಕ್ಕು. ಬಟ್ಲಿನ ಮಾತ್ರ ಅದರ ಕೈಲಿ ತೊಳೆಶೆಡಿ.