ಜಲದಾನವೂ ಕೊಳವೆಯ ಹೊಣೆಯೂ

ಕೆರೆಯನ್ನು ಕಟ್ಟಿಸುವುದು, ಬಾವಿಯನ್ನು ತೋಡಿಸುವುದು, ಬೇಸಗೆಯಲ್ಲಿ ಅರವಟ್ಟಿಗೆಯನ್ನಿಡುವುದು ಕನ್ನಡನಾಡಿನಲ್ಲಿ ತಲತಲಾಂತರದಿಂದ ನಡೆದುಬಂದ ಪುಣ್ಯಕಾರ್ಯಗಳು. ಈ ನಾಡಿನ ಶಾಸನಗಳನ್ನು ಓದಿದವರಿಗೆ ಇನ್ನೊಂದು ಸಂಗತಿಯೂ ಗೋಚರವಾಗದಿರದು. ಕೆರೆಯನ್ನು ಕಟ್ಟಿಸಿದೊಡನೆ ದಾನ ಮುಗಿಯುತ್ತಿರಲಿಲ್ಲ. ಅದರ ಪಾಲನೆಗಾಗಿ ‘ಬಿತ್ತುವಟ್ಟ’ವೆಂದು ಭೂಮಿಯನ್ನೂ ಬಿಡುತ್ತಿದ್ದರು. ಕಟ್ಟಿಸಿದ ಕೀರ್ತಿಗಿಂತ ಕಾಪಾಡುವ ಹೊಣೆ ಕಿರಿದಲ್ಲವೆಂಬುದು ಪೂರ್ವಿಕರ ಮತ. ಇಂದಿನ ಜಲದಾನದಲ್ಲಿ ಈ ಎರಡನೆಯ ಅಂಗವೇ ಲೋಪವಾದಂತೆ ತೋರುತ್ತದೆ. ದಾನಿಯ ನಾಮಧೇಯವನ್ನು ಕೊರೆದ ನೀರಿನ ತೊಟ್ಟಿ ಹಲವು ಶಾಲೆಗಳ ಅಂಗಳದಲ್ಲಿ ಕಾಣುತ್ತದೆ. ಆದರೆ ತೊಟ್ಟಿಯಿಂದ ನಲ್ಲಿಯವರೆಗಿನ ಕೊಳವೆ ಯಾವ ವಸ್ತುವಿನದು, ಅದನ್ನು ಹೂತದ್ದು ಯಾವಾಗ, ಅದರ ನೀರನ್ನು ಪರೀಕ್ಷಿಸಿದವರು ಯಾರು ಎಂದು ಕೇಳಿದರೆ ಉತ್ತರ ದೊರೆಯುವುದು ವಿರಳ.

ಈ ಉದಾಸೀನದ ಫಲವನ್ನು ಅಮೆರಿಕ ದೇಶ ಉಂಡಿದೆ. ಅಲ್ಲಿ ಬೀದಿಯ ದೊಡ್ಡ ಕೊಳವೆಯಿಂದ ಮನೆಯೊಳಕ್ಕೆ ನೀರನ್ನೊಯ್ಯುವ ಕಿರುಗೊಳವೆಯನ್ನು ಬಹುಕಾಲ ಸೀಸದಿಂದ ಮಾಡುತ್ತಿದ್ದರು. ಸೀಸ ಮೃದುವಾದ ಲೋಹ. ಬೇಕಾದಂತೆ ಬಾಗುತ್ತದೆ, ಬಹುಕಾಲ ಬಾಳುತ್ತದೆ. ನಲ್ಲಿಯ ಕೆಲಸದವನಿಗೆ ‘ಪ್ಲಂಬರ್’ ಎಂಬ ಹೆಸರು ಬಂದದ್ದೂ ಸೀಸವನ್ನು ಸೂಚಿಸುವ ‘ಪ್ಲಂಬಮ್’ ಎಂಬ ಲ್ಯಾಟಿನ್ ಶಬ್ದದಿಂದಲೇ. ಭಾರತೀಯ ರಸಶಾಸ್ತ್ರವಾದರೋ ಇದೇ ಲೋಹವನ್ನು ‘ನಾಗ’ವೆಂದು ಕರೆದಿದೆ. ಕುಡಿಯುವ ನೀರಿನ ವಿಷಯದಲ್ಲಿ ಈ ಹೆಸರು ಅನ್ವರ್ಥವೇ ಸರಿ. ಹಾವು ಸದ್ದಿಲ್ಲದೆ ಮನೆಯನ್ನು ಹೊಗುವಂತೆ ಸೀಸವು ಬಣ್ಣ, ವಾಸನೆ, ರುಚಿಗಳಲ್ಲಿ ಯಾವುದನ್ನೂ ತೋರದೆ ನೀರಿನೊಡನೆ ಬಂದುಬಿಡುತ್ತದೆ. ದೇಹವು ಅದನ್ನು ಕ್ಯಾಲ್ಸಿಯಂ ಎಂದೇ ಭ್ರಮಿಸಿ ಮೂಳೆಗಳಲ್ಲಿ ಕೂಡಿಡುತ್ತದೆ. ಎಳೆಯ ಮಿದುಳಿನ ಬೆಳವಣಿಗೆಯನ್ನು ಅದು ಕುಂಠಿತಗೊಳಿಸುತ್ತದೆ. ಇಷ್ಟು ಸೀಸ ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುವುವೇ ಹೊರತು ಸೀಸ ಹೋಗದು. ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಅಂಶ ಹೆಚ್ಚುತ್ತದೆ.

1986ರಲ್ಲಿ ಅಮೆರಿಕವು ಕುಡಿಯುವ ನೀರಿಗೆ ಹೊಸದಾಗಿ ಸೀಸದ ಕೊಳವೆ ಹಾಕುವುದನ್ನು ನಿಷೇಧಿಸಿತು. ಮೊದಲೇ ಹೂತಿದ್ದವು ನೆಲದಲ್ಲಿಯೇ ಉಳಿದವು. ಮಿಚಿಗನ್ ಸಂಸ್ಥಾನದ ಫ್ಲಿಂಟ್ ನಗರದಲ್ಲಿ 2014ರ ಏಪ್ರಿಲ್ ತಿಂಗಳಲ್ಲಿ, ವೆಚ್ಚವನ್ನು ತಗ್ಗಿಸಲೆಂದು, ನೀರಿನ ಮೂಲವನ್ನು ಬದಲಿಸಿದರು. ಕೊಳವೆ ಸವೆಯದಂತೆ ತಡೆಯುವ ದ್ರವ್ಯವನ್ನು ಬೆರೆಸದೆ ಬಿಟ್ಟರು. ಸೀಸವು ಮನೆಮನೆಯನ್ನು ಸೇರಿತು. ಜನರು ದೂರಿದರೂ ನೀರು ನಿರಪಾಯವೆಂದೇ ಅಧಿಕಾರಿಗಳು ಹೇಳುತ್ತಿದ್ದರು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಶಾ ಅವರು 2015ರಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಏರಿರುವುದನ್ನು ಅಂಕಿ ಅಂಶಗಳೊಡನೆ ಪ್ರಕಟಿಸಿದ ಬಳಿಕವೇ ಆಡಳಿತವು ಕಣ್ದೆರೆಯಿತು.

ಫ್ಲಿಂಟ್ ನಗರವಾದುದರಿಂದ ಅದರ ಕೂಗು ಲೋಕಕ್ಕೆ ಕೇಳಿಸಿತು. ಸಣ್ಣ ಊರುಗಳ ಪಾಡು ಬೇರೆ. ಮನೆಗಳ ಕಿರುಗೊಳವೆಗಳ ಪಟ್ಟಿಯನ್ನು 2024ರ ಅಕ್ಟೋಬರ್ 16ರೊಳಗೆ ಸಿದ್ಧಪಡಿಸಬೇಕೆಂದು ಅಲ್ಲಿನ ಸರ್ಕಾರ ವಿಧಿಸಿದಾಗ, ಹಳೆಯ ದಾಖಲೆಗಳಿಲ್ಲದ ಹಲವು ಊರುಗಳು ‘ತಿಳಿಯದು’ ಎಂದು ಬರೆಯಬೇಕಾಯಿತು. ಸ್ವಂತ ಬಾವಿಯ ನೀರನ್ನು ಕುಡಿಯುವ ಹಳ್ಳಿಯ ಮನೆಗಳಿಗೆ ಅಲ್ಲಿನ ಕೇಂದ್ರ ಸರ್ಕಾರದ ಈ ನಿಯಮಗಳು ಅನ್ವಯಿಸುವುದೇ ಇಲ್ಲ. ಮತ್ತೊಂದು ತೊಡಕೂ ಉಂಟು. ಹಲವೆಡೆ ಕಿರುಗೊಳವೆಯ ಬೀದಿಯ ಭಾಗ ಊರಿನದು, ಅಂಗಳದ ಭಾಗ ಮನೆಯೊಡೆಯನದು. ಊರು ತನ್ನ ಭಾಗವನ್ನು ಮಾತ್ರ ಬದಲಿಸಿದರೆ, ಕತ್ತರಿಸುವಾಗ ಅಲುಗಿದ ಸೀಸವು ಕೆಲಕಾಲ ನೀರಿನಲ್ಲಿ ಮೊದಲಿಗಿಂತಲೂ ಹೆಚ್ಚಬಹುದು. ಹೊಣೆಯನ್ನು ಹಂಚಿಕೊಳ್ಳುವ ಭರದಲ್ಲಿ ಕುಡಿಯುವ ಮಗುವನ್ನು ಮರೆತರೆ ಆಗುವುದು ಹೀಗೆಯೇ.

ಕರ್ನಾಟಕದ ಹಳ್ಳಿಗಳಲ್ಲಿ ಸೀಸದ ಕಿರುಗೊಳವೆಯ ರೂಢಿಯಿಲ್ಲ, ಆದುದರಿಂದ ಭಯವಿಲ್ಲ ಎನ್ನುವವರುಂಟು. ಇದು ಅರ್ಧಸತ್ಯ. ಪಿವಿಸಿ ಕೊಳವೆಗಳನ್ನು ತಯಾರಿಸುವಾಗ ಅವು ಬಿಸಿಗೆ ಕೆಡದಿರಲೆಂದು ಸೀಸದ ಸಂಯುಕ್ತಗಳನ್ನು ಬೆರೆಸುವ ಪದ್ಧತಿ ಭಾರತದಲ್ಲಿತ್ತು. ಅದನ್ನು ಕೈಬಿಡಿಸಲು ಕೇಂದ್ರ ಸರ್ಕಾರವು ನಿಯಮಗಳನ್ನು ಹೊರಡಿಸಿದ್ದು 2021ರಲ್ಲಿ. ಅದಕ್ಕೆ ಮೊದಲು ಹೂತ ಕೊಳವೆಗಳು ಈಗಲೂ ನೀರೊಯ್ಯುತ್ತಿವೆ. ಹಿತ್ತಾಳೆಯ ನಲ್ಲಿಗಳಲ್ಲಿಯೂ ಬೆಸುಗೆಯಲ್ಲಿಯೂ ಸೀಸವಿರುವುದುಂಟು. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ ಯೋಜನೆಯ ತರುವಾಯ ದೇಶದಲ್ಲಿ ನಲ್ಲಿಯುಳ್ಳ ಗ್ರಾಮೀಣ ಮನೆಗಳ ಸಂಖ್ಯೆ 15 ಕೋಟಿಯನ್ನು ಮೀರಿದೆ. ಇದು ಸರ್ವಥಾ ಶ್ಲಾಘ್ಯ. ಆದರೆ ನಲ್ಲಿ ಬಂದಿತೆಂದ ಮಾತ್ರಕ್ಕೆ ಎಚ್ಚರ ಸಲ್ಲದೆಂದಲ್ಲ. ಪಾವಗಡದಂತಹ ಸೀಮೆಯ ಫ್ಲೋರೈಡ್ ಅಂತರ್ಜಲದಲ್ಲಿಯೇ ಇರುವುದರಿಂದ ಕೊಳವೆಬಾವಿಯ ನೀರನ್ನು ಪರೀಕ್ಷಿಸಿದರೆ ತಿಳಿದುಬರುತ್ತದೆ. ಸೀಸ ಸೇರುವುದು ದಾರಿಯಲ್ಲಿ. ಆದುದರಿಂದ ಅದನ್ನು ನಲ್ಲಿಯ ತುದಿಯಲ್ಲಿಯೇ ಅರಸಬೇಕು.

ಮೊದಲು ಎಲ್ಲರಿಗೂ ನೀರು ಸಿಕ್ಕಲಿ, ಪರೀಕ್ಷೆಯ ಮಾತು ಆಮೇಲೆ ಎಂಬ ವಾದವೂ ಕೇಳಿಬರುತ್ತದೆ. ನೀರಿಗಾಗಿ ಮೈಲಿಗಟ್ಟಲೆ ನಡೆದವರ ಬಾಯಲ್ಲಿ ಆ ಮಾತು ನ್ಯಾಯವೇ. ಆದರೆ ತೊಟ್ಟಿಗೆ ಹಣವಿತ್ತವರು ಅದರ ಅಲ್ಪಾಂಶವನ್ನು ಪರೀಕ್ಷೆಗೆ ಮೀಸಲಿಡುವುದು ಅಸಾಧ್ಯವಲ್ಲ. ಇರುಳೆಲ್ಲ ಕೊಳವೆಯಲ್ಲಿ ನಿಂತ ನೀರಿನ ಮೊದಲ ಧಾರೆಯನ್ನು ಹಿಡಿದು, ಲೋಹಗಳನ್ನು ಅಳೆಯಬಲ್ಲ ಪ್ರಯೋಗಾಲಯಕ್ಕೆ ವರ್ಷಕ್ಕೊಮ್ಮೆ ಕಳುಹಿಸಬೇಕು. ಭಾರತೀಯ ಮಾನಕ 10500ರ ಪ್ರಕಾರ ಸೀಸವು ಲೀಟರಿಗೆ 0.01 ಮಿಲಿಗ್ರಾಂ ಮೀರಕೂಡದು. ಮೀರಿದರೆ ಕೊಳವೆಯನ್ನೋ ನಲ್ಲಿಯನ್ನೋ ಬದಲಿಸುವವರೆಗೆ ಆ ನೀರನ್ನು ಮಕ್ಕಳಿಗೆ ಕುಡಿಸಬಾರದು. ಎಲ್ಲೆಲ್ಲಿ ಯಾವ ಕೊಳವೆಯನ್ನು ಎಂದು ಹೂಳಲಾಯಿತೆಂಬ ನಕ್ಷೆಯನ್ನು ವಿಜ್ಞಾನದ ಅಧ್ಯಾಪಕರು ವಿದ್ಯಾರ್ಥಿಗಳ ಕೈಯಿಂದಲೇ ಬರೆಯಿಸಬಹುದು. ಪ್ರತಿ ಬೆಳಗ್ಗೆ ನಿಂತ ನೀರನ್ನು ಗಿಡಗಳಿಗೆ ಹರಿಯಬಿಟ್ಟು, ಅನಂತರವೇ ಬಿಂದಿಗೆಯನ್ನು ಹಿಡಿಯುವ ರೂಢಿಯನ್ನು ಮಕ್ಕಳ ಮೂಲಕ ಮನೆಗಳಿಗೂ ಮುಟ್ಟಿಸಬಹುದು.

ವಿದ್ಯಾದಾನಕ್ಕೂ ಈ ಎಚ್ಚರಕ್ಕೂ ಸಂಬಂಧ ದೂರದ್ದಲ್ಲ. ಗುರುಗಳು ಯಾವ ಬುದ್ಧಿಯನ್ನು ತಿದ್ದಿ ಬೆಳಗಿಸಲು ಶ್ರಮಿಸುವರೋ ಅದನ್ನೇ ಸೀಸ ಮೊಂಡು ಮಾಡುತ್ತದೆ. ಆದಕಾರಣ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇನ್ನು ಮುಂದೆ ನೀರಿನ ತೊಟ್ಟಿಯೊಡನೆ ಅದರ ಬಿತ್ತುವಟ್ಟವನ್ನೂ ಕಲ್ಪಿಸಿಕೊಡುವುದು ಉಚಿತ. ತೊಟ್ಟಿಯ ಮೇಲೆ ದಾನಿಯ ಹೆಸರಿರಲಿ. ಅದರ ಕೆಳಗೆ ಆ ವರ್ಷದ ಪರೀಕ್ಷೆಯ ಫಲವೂ ಇರಲಿ.