ಅಂದಾಜಿನ ಅಡಿಗಿಗೂ ಒಂದು ಅಳತೆ ಬೇಕು

ಪರೀಕ್ಷೆ ಬಿಟ್ಟರೆ ನಮ್ಮ ಹಾಸ್ಟೆಲಿನಲ್ಲಿ ಅತಿ ಹೆಚ್ಚು ಚರ್ಚೆ ಆಗೋ ವಿಷಯ ಊಟ. ಇವತ್ತು ಮೆಸ್ಸಿನಲ್ಲಿ ಏನು ಮಾಡಿದ್ದಾರೆ, ನಿನ್ನೆಯ ಸಾರು ಯಾಕೆ ಹಂಗಿತ್ತು, ಊರಿಂದ ಯಾರ ಡಬ್ಬಿ ಬಂದಿದೆ, ಅದರಲ್ಲಿ ಶೇಂಗಾ ಹಿಂಡಿ ಇದೆಯೋ ಇಲ್ಲವೋ, ಇದೇ ಮಾತು. ಆದರೆ ಈ ಮಾತೆಲ್ಲ ತಿನ್ನೋದರ ಬಗ್ಗೆ. ಮಾಡೋದು ಹೆಂಗೆ ಅನ್ನೋ ಪ್ರಶ್ನೆ ಬಂದ ಕೂಡಲೇ ಎಲ್ಲರೂ ಸುಮ್ಮನಾಗ್ತೀವಿ. ಡಬ್ಬಿ ಖಾಲಿಯಾದರೆ ಮುಂದಿನ ಡಬ್ಬಿಗೆ ಕಾಯ್ತೀವಿ.

ಈ ಸಲ ನಾವು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ನಮ್ಮ ನಮ್ಮ ಮನೆಯ ದಿನದ ಅಡುಗೆಯನ್ನು ಅಳತೆ ಸಮೇತ ಬರೆದು ಒಬ್ಬರಿಗೊಬ್ಬರು ಹಂಚಿಕೊಳ್ಳೋಣ. ಬರೆಯೋ ಮುಂಚೆ ಒಂದು ಸಲವಾದರೂ ನಮ್ಮ ಕೈಯಿಂದಲೇ ಮಾಡಿ ನೋಡೋಣ.

ನಾವು ಹೊರ್ತಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗೋ ಹೆದ್ದಾರಿಯಲ್ಲಿ ಹೋದವರು ಹೊರ್ತಿಯನ್ನು ಬಸ್ಸಿನ ಕಿಟಕಿಯಿಂದಲಾದರೂ ನೋಡಿರ್ತೀರಿ. ನಮ್ಮ ಸೀಮೆ ಜೋಳದ ಸೀಮೆ. ಡೋಣಿ ಹರಿದರೆ ಓಣೆಲ್ಲಾ ಜೋಳ ಅಂತ ಮಾತೇ ಇದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದೇ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು, ನಮ್ಮ ಜೋಳವೂ ಆ ಪಟ್ಟಿಯಲ್ಲಿತ್ತು. ಸಂತೋಷದ ಸಂಗತಿ. ಆದರೆ ಹಣ್ಣಿಗೆ ದಾಖಲೆ ಸಿಕ್ಕಿತು, ಕಾಳಿಗೆ ಒಂದು ವರ್ಷವೇ ಸಿಕ್ಕಿತು, ಅವೆರಡನ್ನೂ ಊಟ ಮಾಡೋ ಕೈಗಳಿಗೆ ಏನು ಸಿಕ್ಕಿತು? ಅವ್ವ ಹಾಕೋ ಲಿಂಬೆಹಣ್ಣಿನ ಉಪ್ಪಿನಕಾಯಿ ಒಂದು ಚೀಟಿಯಲ್ಲೂ ಇಲ್ಲ. ಅದು ಇರೋದು ಅವಳ ಕೈಯಲ್ಲಿ ಮಾತ್ರ.

ಹಬ್ಬದ ಅಡುಗೆಗೆ ಅಷ್ಟು ಭಯ ಇಲ್ಲ. ಹೋಳಿಗೆ ಅಂಗಡಿಯಲ್ಲೂ ಸಿಗುತ್ತೆ. ಮಾದಲಿಯನ್ನು ಮದುವೆ ಮನೆಯವರು ಉಳಿಸ್ತಾರೆ. ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲೋವರೆಗೆ ಸಜ್ಜಿ ರೊಟ್ಟಿಯೂ ಇರುತ್ತೆ. ಮೊದಲು ಕಣ್ಮರೆ ಆಗೋದು ದಿನದ ಅಡುಗೆ. ಪುಂಡಿ ಪಲ್ಯ, ಜೋಳದ ನುಚ್ಚು, ಸಂಗಟಿ, ಅಂಬಲಿ, ಹೊಲದಲ್ಲಿ ತಾನಾಗಿ ಹುಟ್ಟೋ ಹಕ್ಕರಿಕಿ ಸೊಪ್ಪು. ಬಂದವರ ಮುಂದೆ ಇವನ್ನು ಇಡೋಕೆ ನಮ್ಮ ಮನೆಗಳಲ್ಲೇ ಸಂಕೋಚ. ಕೂಲಿ ಮಾಡೋ ಮನೆಯ ಊಟ ಅನ್ನೋ ಭಾವನೆ ಇನ್ನೂ ಹೋಗಿಲ್ಲ. ಸಂಕೋಚ ಪಡೋದನ್ನು ಯಾರೂ ಬರೆದಿಡಲ್ಲ. ಜೋಳದ ಹೊಲ ಕಬ್ಬಿಗೆ, ದ್ರಾಕ್ಷಿಗೆ, ತೊಗರಿಗೆ ಜಾಗ ಬಿಟ್ಟುಕೊಡ್ತಾ ಬಂದ ಹಾಗೆ ಆ ಹೊಲದ ಸೊಪ್ಪೂ ಹೋಗುತ್ತೆ, ಅದನ್ನು ಹೆಂಗೆ ಉಣ್ಣಬೇಕು ಅನ್ನೋದೂ ಹೋಗುತ್ತೆ.

ಇನ್ನು ಅಳತೆಯ ವಿಷಯ. ಮನೆಗೆ ಫೋನ್ ಹಚ್ಚಿ ಕೇಳಿ ನೋಡಿ. "ಹಿಟ್ಟಿಗೆ ನೀರು ಎಷ್ಟು ಹಾಕಬೇಕವ್ವಾ?" "ಹಿಟ್ಟು ಕುಡದಷ್ಟು." "ಉಪ್ಪು?" "ಬಾಯಿಗೆ ಹತ್ತುವಷ್ಟು." ನಗು ಬರುತ್ತೆ, ಆದರೆ ಉತ್ತರ ಸರಿಯಾಗೇ ಇದೆ. ಹಿಟ್ಟು ಹೊಸದೋ ಹಳೆಯದೋ, ಗಿರಣಿಯಲ್ಲಿ ಸಣ್ಣ ಬೀಸಿದ್ದೋ ದಪ್ಪ ಬೀಸಿದ್ದೋ, ಇವತ್ತು ಮಳೆಯೋ ಬಿಸಿಲೋ, ಇದೆಲ್ಲದರ ಮೇಲೆ ನೀರು ನಿಲ್ಲುತ್ತೆ. ಅವಳ ಕೈ ಇದನ್ನೆಲ್ಲ ಲೆಕ್ಕ ಹಾಕಿ ಆಗಿರುತ್ತೆ. ನಾವು ಲ್ಯಾಬಿನಲ್ಲಿ ಕ್ಯಾಲಿಬ್ರೇಶನ್ ಅಂತೀವಲ್ಲ, ಆ ಕೈಗೆ ಮೂವತ್ತು ವರ್ಷದ ಕ್ಯಾಲಿಬ್ರೇಶನ್ ಆಗಿದೆ. ನಮ್ಮ ಕೈಗೆ ಆಗಿಲ್ಲ, ಅದಕ್ಕೇ ನಮಗೆ ಅಂಕಿ ಬೇಕು.

ಅಂಕಿ ತೆಗೆಯೋದು ಕಷ್ಟವೇನಲ್ಲ. ಅವ್ವನಿಗೆ ಚಮಚ ಕೊಟ್ಟು ಅಳೆದು ಹಾಕು ಅಂದರೆ ಅವಳ ಕೈ ತಪ್ಪುತ್ತೆ. ಅವಳು ದಿನಾ ಹಾಕೋ ಹಾಗೆ ಹಾಕಲಿ. ನಾವು ಮೊದಲೇ ಹಿಟ್ಟಿನ ಡಬ್ಬಿ, ಖಾರದ ಡಬ್ಬಿ, ಎಣ್ಣೆ ಬಾಟಲಿ ತೂಗಿ ಇಟ್ಟುಕೊಳ್ಳಬೇಕು. ಅಡುಗೆ ಮುಗಿದ ಮೇಲೆ ಮತ್ತೆ ತೂಗಬೇಕು. ಕಳೆದರೆ ಉತ್ತರ ಸಿಕ್ಕಿತು. ಮೂರು ದಿನ ಹೀಗೆ ಮಾಡಿ ಸರಾಸರಿ ತೆಗೆದರೆ ಇನ್ನೂ ಚೆನ್ನ.

ಅಳತೆಯ ಜೊತೆ ಕಾರಣವನ್ನೂ ಬರೆಯಬೇಕು. ಜೋಳದ ರೊಟ್ಟಿಯನ್ನೇ ತಗೊಳ್ಳಿ. ಗೋಧಿಯಲ್ಲಿ ಗ್ಲುಟೆನ್ ಇದೆ, ತಣ್ಣೀರಲ್ಲಿ ನಾದಿದರೂ ಹಿಟ್ಟು ಹಿಡಿದುಕೊಳ್ಳುತ್ತೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಎಸರು ಕುದಿಸಿ ಹಾಕೋದು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಜೋಳದ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತೆ. ನಮ್ಮ ಕಡೆ ಅದಕ್ಕೆ ಜಿಗಿ ಅಂತಾರೆ. ಒಂದು ವಾಟಿ ಕುದಿಯೋ ನೀರಿಗೆ ಸುಮಾರು ಒಂದೂಕಾಲು ವಾಟಿ ಹಿಟ್ಟು, ಚಿಟಿಕೆ ಉಪ್ಪು. ಕೈ ತಡೆಯುವಷ್ಟು ಆರಿದ ಮೇಲೆ ಐದು ನಿಮಿಷ ಚೆನ್ನಾಗಿ ನಾದಿ, ಒಣಹಿಟ್ಟು ಉದುರಿಸಿ ಬಡಿಯೋದು. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರ್ತಾರಲ್ಲ, ಅದರಿಂದ ಒಣಹಿಟ್ಟು ಹೋಗಿ ಮೈ ಬಿರಿಯೋದು ನಿಲ್ಲುತ್ತೆ. ನೀರು ಆರಿದ ಮೇಲೆ ತಿರುವಿ ಹಾಕಿದರೆ ಒಳಗಿನ ಆವಿ ರೊಟ್ಟಿಯನ್ನು ಉಬ್ಬಿಸುತ್ತೆ. ಮೊದಲ ರೊಟ್ಟಿ ಭಾರತದ ನಕಾಶೆ ಆಗಬಹುದು. ತಿನ್ನೋಕೆ ಏನೂ ತೊಂದರೆ ಇಲ್ಲ.

ಬೇಕಿಂಗ್ ಅಂದರೆ ಓವನ್ ಇದ್ದವರ ವಿದ್ಯೆ ಅಂತ ತಿಳಿದವರಿಗೆ ಒಂದು ಮಾತು. ಬಿಸ್ಕಿಟ್ ಅನ್ನೋ ಹೆಸರಿನ ಲ್ಯಾಟಿನ್ ಮೂಲದ ಅರ್ಥ ಎರಡು ಸಲ ಬೇಯಿಸಿದ್ದು ಅಂತ. ಮೊದಲು ಬೇಯಿಸಿ, ಆಮೇಲೆ ಒಣಗಿಸಿದರೆ ನೀರಿನಂಶ ಹೋಗಿ ಬಹಳ ದಿನ ಬಾಳುತ್ತೆ. ನಮ್ಮ ಕಡಕ್ ರೊಟ್ಟಿಯೂ ಇದೇ ಅಲ್ಲವಾ? ಬೇಯಿಸಿದ ರೊಟ್ಟಿಯನ್ನು ಸಣ್ಣ ಉರಿಯ ಮೇಲೆ ಇಟ್ಟು ಗರಿಗರಿ ಆಗೋವರೆಗೆ ಒಣಗಿಸ್ತಾರೆ. ಗೋವಾಕ್ಕೋ ಪುಣೆಗೋ ಗುಳೆ ಹೋಗೋ ಮಂದಿಯ ಗಂಟಿನಲ್ಲಿ ಇದು ಇದ್ದೇ ಇರುತ್ತೆ. ಫ್ರಿಜ್ಜಿಲ್ಲದೆ ವಾರಗಟ್ಟಲೆ ಕೆಡದ ಊಟ ಇದು.

ಬರೀ ಉಪದೇಶ ಬೇಡ ಅಂತ ಎರಡು ರೆಸಿಪಿ ನಾವೇ ಕೊಡ್ತೀವಿ.

ಮೊದಲನೆಯದು ಶೇಂಗಾ ಹಿಂಡಿ. ಎರಡು ವಾಟಿ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿಸಿ, ಸಿಪ್ಪೆ ತಿಕ್ಕಿ ತೆಗೀರಿ. ಎರಡು ದೊಡ್ಡ ಚಮಚ ಒಣಖಾರ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಒಂದು ಸಣ್ಣ ಚಮಚ ಜೀರಿಗೆ, ಒಂದೂವರೆ ಸಣ್ಣ ಚಮಚ ಉಪ್ಪು, ಬೇಕಾದರೆ ಅಡಿಕೆಯಷ್ಟು ಬೆಲ್ಲ. ಕುಟ್ಟಿದರೆ ಬಲು ರುಚಿ. ಮಿಕ್ಸಿ ಆದರೆ ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸಿ. ಒಂದೇ ಸಮ ತಿರುಗಿಸಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ. ಒದ್ದೆ ಚಮಚ ಹಾಕದಿದ್ದರೆ ಎರಡು ಮೂರು ವಾರ ಆರಾಮಾಗಿ ಇರುತ್ತೆ. ರೂಮಿನಲ್ಲಿ ಒಲೆ ಇಲ್ಲದವರು ಹುರಿದ ಶೇಂಗಾ ತಂದರೂ ನಡೆಯುತ್ತೆ.

ಎರಡನೆಯದು ಕುಕ್ಕರಿನಲ್ಲಿ ರವೆ ಕೇಕ್. ಒಂದೂವರೆ ವಾಟಿ ಸಣ್ಣ ರವೆ, ಒಂದು ವಾಟಿ ಸಕ್ಕರೆ ಪುಡಿ, ಒಂದು ವಾಟಿ ಮೊಸರು, ಅರ್ಧ ವಾಟಿ ಹಾಲು, ಕಾಲು ವಾಟಿ ಎಣ್ಣೆ ಕಲಸಿ ಅರ್ಧ ಗಂಟೆ ಬಿಡಿ, ರವೆ ನೆನೆಯಬೇಕು. ಹಳೇ ಕುಕ್ಕರಿನ ತಳಕ್ಕೆ ಒಂದು ಇಂಚು ಪುಡಿ ಉಪ್ಪು ಹರಡಿ, ಮುಚ್ಚಳದ ಸೀಟಿ ಮತ್ತು ರಬ್ಬರ್ ಎರಡನ್ನೂ ತೆಗೆದು, ನೀರು ಹಾಕದೆ ಹತ್ತು ನಿಮಿಷ ಕಾಯಿಸಿ. ಆಗ ಮಾತ್ರ ಹಿಟ್ಟಿಗೆ ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಅಡುಗೆ ಸೋಡಾ ಸೇರಿಸಿ. ಮೊಸರಿನ ಹುಳಿಗೆ ಸೋಡಾ ತಾಗಿದ ಕೂಡಲೇ ಗಾಳಿಗುಳ್ಳೆ ಏಳುತ್ತೆ, ತಡ ಮಾಡಿದರೆ ಅದು ಹಾರಿಹೋಗಿ ಕೇಕ್ ಚಪ್ಪಟೆ ಆಗುತ್ತೆ. ಎಣ್ಣೆ ಸವರಿದ ಪಾತ್ರೆಗೆ ಸುರಿದು ಉಪ್ಪಿನ ಮೇಲಿಟ್ಟು ಸಣ್ಣ ಉರಿಯಲ್ಲಿ 40 ನಿಮಿಷ. ಕಡ್ಡಿ ಚುಚ್ಚಿದರೆ ಅಂಟದೆ ಬರಬೇಕು. ಇಂಡಿ ಲಿಂಬೆಯ ಸಿಪ್ಪೆ ಸ್ವಲ್ಪ ತುರಿದು ಹಾಕಿದರೆ ಘಮ ಬೇರೆಯೇ. ಒಳಗಿನ ಬಿಳಿ ಭಾಗ ಮಾತ್ರ ಬೇಡ, ಕಹಿ ಆಗುತ್ತೆ.

ಯೂಟ್ಯೂಬಿನಲ್ಲಿ ಎಲ್ಲಾ ಇದೆಯಲ್ಲ, ನೀವ್ಯಾಕೆ ಬರೆಯಬೇಕು ಅಂತ ಕೇಳಬಹುದು. ಇದೆ, ಒಳ್ಳೇದೂ ಇದೆ. ಆದರೆ ಅಲ್ಲಿ ಉತ್ತರ ಕರ್ನಾಟಕದ ಊಟ ಅಂದರೆ ಒಂದೇ ತಟ್ಟೆ, ಒಂದೇ ಎಣ್ಣೆಗಾಯಿ. ಸಿಂದಗಿಯ ಪುಂಡಿ ಪಲ್ಯಕ್ಕೂ ಮುದ್ದೇಬಿಹಾಳದ ಪುಂಡಿ ಪಲ್ಯಕ್ಕೂ ಮನೆಯಿಂದ ಮನೆಗೆ ವ್ಯತ್ಯಾಸ ಇರುತ್ತೆ. ಒಬ್ಬರು ನುಚ್ಚು ಹಾಕ್ತಾರೆ, ಒಬ್ಬರು ಬೇಳೆ, ಒಬ್ಬರು ಎರಡೂ. ಆ ವ್ಯತ್ಯಾಸ ಗೊತ್ತಿರೋದು ಆ ಮನೆಯವರಿಗೆ ಮಾತ್ರ.

ಅಡುಗೆ ಬರೆದರೆ ಕೈರುಚಿ ಹೋಗುತ್ತೆ ಅನ್ನೋರೂ ಇದ್ದಾರೆ. ಕನ್ನಡದಲ್ಲಿ ಅಡುಗೆ ಬರೆಯೋ ಅಭ್ಯಾಸ ಇವತ್ತಿನದಲ್ಲ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಪಾಕದ ವಿಷಯ ಇದೆ. ಸುಮಾರು 1508ರಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಸೂಪಶಾಸ್ತ್ರ ಅಂತ ಪುಸ್ತಕವನ್ನೇ ಬರೆದ. ಅಂದು ಬರೆದಿದ್ದಕ್ಕೆ ಯಾರ ಕೈರುಚಿಯೂ ಹೋಗಲಿಲ್ಲ. ಐನೂರು ವರ್ಷ ಆದಮೇಲೂ ಆಗ ಏನು ಉಣ್ಣುತ್ತಿದ್ದರು ಅಂತ ನಮಗೆ ಗೊತ್ತಾಗ್ತಿದೆ. ಬರೆದ ಅಳತೆ ಮೊದಲ ಮೆಟ್ಟಿಲು. ಹತ್ತು ಸಲ ಮಾಡಿದ ಮೇಲೆ ಚೀಟಿ ಬದಿಗಿಟ್ಟು ಅಂದಾಜಿಗೆ ಬರ್ತೀವಿ.

ಮುಖ್ಯವಾದ ಮಾತು ಇನ್ನೊಂದಿದೆ. ರೆಸಿಪಿ ಕೇಳೋದು ಸುಲಭ, ಹಂಚೋದೂ ಸುಲಭ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟೋ ನಮ್ಮ ಸೀಮೆಯಲ್ಲಿ ಒಲೆ ಮುಂದೆ ಕೂತು ಇಡೀ ಮನೆಗೆ ರೊಟ್ಟಿ ಬಡಿಯೋದು ಸುಲಭ ಅಲ್ಲ. ಹೆಣ್ಣುಮಕ್ಕಳು ಓದಿಗೆ ಬಂದರು, ಕೆಲಸಕ್ಕೆ ಹೊರಟರು, ಅದಕ್ಕೇ ರೊಟ್ಟಿ ಹೋಯ್ತು ಅಂತ ಹಿರಿಯರು ಗೊಣಗೋದು ಕೇಳ್ತೀವಿ. ಇದನ್ನು ನಾವು ಒಪ್ಪಲ್ಲ. ಅವರು ಓದಿಗೆ ಬಂದಿದ್ದರಿಂದ ಏನೂ ಹೋಗಲಿಲ್ಲ. ಅವರು ಎದ್ದ ಜಾಗದಲ್ಲಿ ಗಂಡುಮಕ್ಕಳು ಕೂರಲಿಲ್ಲ, ಅದಕ್ಕೆ ಹೋಯ್ತು. ಖಾನಾವಳಿಯಿಂದ, ಮಹಿಳಾ ಸಂಘದಿಂದ ರೊಟ್ಟಿ ಕೊಳ್ಳೋದು ತಪ್ಪಲ್ಲ, ಅದರಿಂದ ನಾಲ್ಕು ಮನೆ ನಡೆಯುತ್ತೆ. ಆದರೆ ಒಂದು ಊರಿನ ಊಟ ಉಳಿಯೋ ಭಾರವನ್ನೆಲ್ಲ ಅವ್ವಂದಿರ ತೋಳಿನ ಮೇಲೆ ಹೊರಿಸಿ, ನಾವು ಮಾತ್ರ ನಮ್ಮ ಸಂಸ್ಕೃತಿ ಅಂತ ಹೆಮ್ಮೆ ಪಡೋದು ಸರಿ ಅನ್ನಿಸಲ್ಲ. ಕಾಯಕ, ದಾಸೋಹ ಅನ್ನೋ ಎರಡು ಮಾತನ್ನು ಜೊತೆಗೇ ಕಲಿಸಿದ ಬಸವಣ್ಣನವರು ಹುಟ್ಟಿದ್ದು ನಮ್ಮ ಬಾಗೇವಾಡಿಯಲ್ಲಿ. ಬಡಿಸೋ ಮೊದಲು ದುಡಿಯಬೇಕು ಅನ್ನೋದು ನಮಗೆ ಹೊಸ ಪಾಠ ಏನಲ್ಲ.

ಆದ್ದರಿಂದ ಕನ್ನಡ ಸಂಘದ ಗೆಳೆಯರಲ್ಲಿ ನಮ್ಮ ಕೋರಿಕೆ ಇದು. ಈ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಪ್ರತಿಯೊಬ್ಬರೂ ಒಂದೇ ಒಂದು ದಿನದ ಅಡುಗೆ ಕಲಿತು ಬನ್ನಿ. ನಾಲ್ಕು ಷರತ್ತು. ಹಬ್ಬದ್ದು ಬೇಡ. ಅಳತೆ ಇರಬೇಕು. ಹಂಗ್ಯಾಕೆ ಮಾಡ್ತಾರೆ ಅನ್ನೋ ಕಾರಣ ಒಂದಾದರೂ ಇರಬೇಕು. ನೀವೇ ಮಾಡಿ, ಮನೆಯವರಿಗೆ ಬಡಿಸಿರಬೇಕು. ಮಂಡ್ಯದವರು ಮುದ್ದೆ ತನ್ನಿ, ಕರಾವಳಿಯವರು ಗಂಜಿ ಚಟ್ನಿ ತನ್ನಿ, ಮಾಂಸದ ಅಡುಗೆ ಇದ್ದರೆ ಅದನ್ನೂ ತನ್ನಿ. ಯಾರ ಮನೆಯ ಅಡುಗೆಯೂ ಕಡಿಮೆ ಅಲ್ಲ. ಹೇಳಿಕೊಟ್ಟವರ ಹೆಸರನ್ನು ಅವರ ಒಪ್ಪಿಗೆ ಕೇಳಿ ಮೇಲೆ ಹಾಕೋಣ, ಬರೆದವರ ಹೆಸರು ಕೆಳಗಿರಲಿ.

ರಜೆ ಮುಗಿಸಿ ಬರುವಾಗ ಡಬ್ಬಿ ತರೋದು ಬಿಡಬೇಡಿ ಮತ್ತೆ. ಚೀಟಿ ಬೇಕೇ ಬೇಕು, ಆದರೆ ಅವ್ವನ ಹಿಂಡಿ ಮುಂದಿಟ್ಟುಕೊಂಡು ನಮ್ಮ ಹಿಂಡಿಯ ರುಚಿ ನೋಡಬೇಕಲ್ಲ!